ಚೀಟಿಯಿಲ್ಲದ ಮಾತ್ರೆಯ ಲೆಕ್ಕ ಯಾರ ಹತ್ತಿರ?

(ತುಮಕೂರಿನ ಸತ್ಯಮಂಗಲದಲ್ಲಿ ರಾಜ್ಯೋತ್ಸವದ ಸಂಜೆ ಸೇರಿದ್ದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದವರು ಗಡಿ, ನೀರು, ಉದ್ಯೋಗ ಅಂತ ದೊಡ್ಡ ದೊಡ್ಡ ವಿಷಯ ಎತ್ತಿದರು. ನೀವು ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ನಾನು ಎತ್ತುವ ವಿಷಯ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಮಾತ್ರೆ. ಅದರಲ್ಲೂ ಡಾಕ್ಟರ ಚೀಟಿ ಇಲ್ಲದೆ ನಾವೇ ಮೆಡಿಕಲ್ ಸ್ಟೋರಿಗೆ ಹೋಗಿ "ತಲೆನೋವಿಗೆ ಎರಡು ಕೊಡಿ, ಗ್ಯಾಸ್ಟ್ರಿಕ್‌ಗೆ ಒಂದು ಕೊಡಿ" ಅಂತ ಕೇಳಿ ತರುವ ಮಾತ್ರೆ. ಅದು, ಡಾಕ್ಟರು ಬರೆದುಕೊಟ್ಟು ದಿನಾ ನುಂಗುತ್ತಿರುವ ಮಾತ್ರೆಯ ಜೊತೆ ಹೊಟ್ಟೆಯೊಳಗೆ ಸೇರಿದಾಗ ಏನಾಗುತ್ತದೆ ಅನ್ನುವುದು ನನ್ನ ವಿಷಯ. ನಾನು ಓದಿರುವುದು ಪಿಯುಸಿ. ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ, ನಮ್ಮಪ್ಪನ ಕಿಡ್ನಿಯ ಮೇಲೆ ಕಲಿತೆ.

ನಮ್ಮದು ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಒಂದು ಪ್ರೆಸ್ಸು. ಅಪ್ಪ ಟ್ರೆಡಲ್ ಮೆಷಿನ್ ತುಳಿದು ಕಟ್ಟಿದ್ದು, ನಾನು ಆಫ್‌ಸೆಟ್ ಹಾಕಿದೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ನಿಮ್ಮ ಈ ಸಭೆಯ ಪೋಸ್ಟರ್, ಎಲ್ಲಾ ನಮ್ಮಲ್ಲೇ ಆಗುವುದು. ಮೆಡಿಕಲ್ ಸ್ಟೋರಿನವರು ಮಾತ್ರೆ ಹಾಕಿ ಕೊಡುತ್ತಾರಲ್ಲ, ಸಣ್ಣ ಕಾಗದದ ಕವರ್, ಅದೂ ನಮ್ಮದೇ ಕೆಲಸ. ಸುತ್ತಮುತ್ತಲಿನ ಎಷ್ಟೋ ಅಂಗಡಿಗಳಿಗೆ ವರ್ಷಕ್ಕೆ ಲಕ್ಷಗಟ್ಟಲೆ ಕವರ್ ಮಾಡಿಕೊಟ್ಟಿದ್ದೇನೆ. ಮುಂದೆ ಅಂಗಡಿ ಹೆಸರು, ಹಿಂದೆ ದೇವರ ಪಟ. ಪ್ರೂಫ್ ನೋಡುವುದರಲ್ಲಿ ನನಗೆ ಹೆಸರಿದೆ. ಒಂದು ಒತ್ತಕ್ಷರ ತಪ್ಪಿದರೆ ಕಣ್ಣಿಗೆ ಚುಚ್ಚುತ್ತದೆ. ಇಷ್ಟೆಲ್ಲ ಜಂಬ ಯಾಕೆ ಹೇಳಿದೆ ಅಂದರೆ, ಮುಂದಿನದನ್ನು ಕೇಳಿದಾಗ ನಿಮಗೆ ನಗು ಬರಬೇಕು.

2023ರ ಏಪ್ರಿಲ್. ಅಪ್ಪನಿಗೆ ಎಪ್ಪತ್ತು ದಾಟಿತ್ತು. ಬಿಪಿ ಇತ್ತು. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದಿದ್ದರು, ಒಂದೇ ಮಾತ್ರೆಯಲ್ಲಿ ಎರಡು ಔಷಧ: ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್. ಎರಡನೆಯದು ಮೂತ್ರ ಹೆಚ್ಚಿಸಿ ನೀರಿಳಿಸುವ ಔಷಧ. ಅಪ್ಪ ತಪ್ಪದೆ ತೆಗೆದುಕೊಳ್ಳುತ್ತಿದ್ದರು, ಬಿಪಿ ಹದವಾಗಿತ್ತು. ಆಗ ಮಂಡಿನೋವು ಶುರುವಾಯಿತು. "ಮೆಟ್ಟಿಲು ಹತ್ತಕ್ಕಾಗಲ್ಲ ಕಣೋ, ಏನಾದ್ರೂ ತಂದ್ಕೊಡು" ಅಂದರು. ನಾನು ಅಂಗಡಿಗೆ ಹೋದೆ. ಕೌಂಟರಿನ ಹುಡುಗ "ಮಂಡಿನೋವಾ ಅಣ್ಣ? ಇದು ಕೊಡಿ, ಚೆನ್ನಾಗಿ ಹಿಡಿಯುತ್ತೆ" ಅಂದ. ಡೈಕ್ಲೋಫೆನಾಕ್. ದಿನಕ್ಕೆ ಎರಡು. ಯಾರಿಗೆ, ವಯಸ್ಸೆಷ್ಟು, ಬೇರೆ ಮಾತ್ರೆ ಉಂಟಾ ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನೇ ಅಚ್ಚು ಮಾಡಿದ ಕವರಿನಲ್ಲಿ ಹಾಕಿಕೊಟ್ಟ. ನೋವು ನಿಜಕ್ಕೂ ಹಿಡಿಯಿತು. ಅಪ್ಪ ಖುಷಿ. ಮುಗಿದಾಗಲೆಲ್ಲ ತಂದುಕೊಟ್ಟೆ.

ಹತ್ತು ಹನ್ನೆರಡು ದಿನವಾಗಿರಬೇಕು. ಒಂದು ಮದುವೆ ಊಟ, ಅದರ ಮೇಲೆ ಬಿಸಿಲು. ಮಾರನೇ ದಿನ ಭೇದಿ. ನೀರೂ ಸರಿಯಾಗಿ ಕುಡಿಯಲಿಲ್ಲ, ಆದರೆ ಬಿಪಿ ಮಾತ್ರೆ ಮತ್ತು ನೋವಿನ ಮಾತ್ರೆ ಎರಡನ್ನೂ ಬಿಡಲಿಲ್ಲ. ಎರಡನೇ ದಿನ ಮೂತ್ರ ಹೋಗಲಿಲ್ಲ. ಮೂರನೇ ದಿನ ಮಂಕು ಹಿಡಿದವರ ಹಾಗೆ ಕೂತರು, ನನ್ನನ್ನು ತಮ್ಮನ ಹೆಸರಿಟ್ಟು ಕರೆದರು. ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಕ್ರಿಯಾಟಿನಿನ್ ಅಂತ ಒಂದು ರಕ್ತ ಪರೀಕ್ಷೆ, ಅದು ಸುಮಾರಾಗಿ ಒಂದರ ಹತ್ತಿರ ಇರಬೇಕಾದ್ದು. ಅಪ್ಪನದು 4.6.

ಅಲ್ಲಿನ ಡ್ಯೂಟಿ ಡಾಕ್ಟರಮ್ಮ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಏನೇನು ಮಾತ್ರೆ ತಗೋತಾರೆ?" ಅಂದರು. "ಬಿಪಿ ಮಾತ್ರೆ ಒಂದೇ ಮೇಡಂ" ಅಂದೆ. "ಬೇರೆ?" "ಬೇರೇನೂ ಇಲ್ಲ." ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಡಾಕ್ಟರು ಬರೆದದ್ದು ಮಾತ್ರ ಔಷಧಿ, ಅಂಗಡಿಯಿಂದ ತಂದದ್ದು ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ ಅಂತ ನನ್ನ ತಲೆಯಲ್ಲಿ ಕೂತಿತ್ತು. ಆಕೆ ಬಿಡಲಿಲ್ಲ. "ನೋವಿಗೆ, ನೆಗಡಿಗೆ, ಗ್ಯಾಸಿಗೆ ಅಂಗಡಿಯಿಂದ ಏನಾದ್ರೂ ತಂದಿದ್ರಾ?" ಅಂತ ಬಿಡಿಸಿ ಕೇಳಿದ ಮೇಲೆ ಜೇಬಿನಿಂದ ಆ ಕವರ್ ತೆಗೆದೆ. ಆಕೆ ಸ್ಟ್ರಿಪ್ ನೋಡಿ ತಲೆ ಆಡಿಸಿದರು.

ಆಕೆ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಕಿಡ್ನಿ ಅಂದರೆ ರಕ್ತ ಸೋಸುವ ಬಟ್ಟೆ. ಒಂದು ಪೈಪಿನಲ್ಲಿ ರಕ್ತ ಒಳಗೆ ಬರುತ್ತದೆ, ಇನ್ನೊಂದು ಪೈಪಿನಲ್ಲಿ ಹೊರಗೆ ಹೋಗುತ್ತದೆ, ನಡುವೆ ಒತ್ತಡ ಇದ್ದರೆ ಮಾತ್ರ ಸೋಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ಒಳಬರುವ ಪೈಪನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಜಾತಿಯ ಬಿಪಿ ಮಾತ್ರೆ ಹೊರಹೋಗುವ ಪೈಪನ್ನು ಸಡಿಲ ಮಾಡುತ್ತದೆ. ನೀರಿಳಿಸುವ ಮಾತ್ರೆ ಹರಿಯುವ ನೀರನ್ನೇ ಕಡಿಮೆ ಮಾಡುತ್ತದೆ. ಒಂದೊಂದಾಗಿದ್ದಾಗ ಕಿಡ್ನಿ ಹೇಗೋ ಸಂಭಾಳಿಸುತ್ತದೆ. ಮೂರೂ ಸೇರಿ, ಮೇಲೆ ಭೇದಿಯೂ ಸೇರಿತು ಅಂದರೆ ನಡುವಿನ ಒತ್ತಡ ಬಿದ್ದುಹೋಗುತ್ತದೆ. ಸೋಸುವುದು ನಿಂತಿತು. ಇದು ಹೊಸ ವಿಷಯವಲ್ಲವಂತೆ, ವೈದ್ಯರ ಪಠ್ಯಪುಸ್ತಕದಲ್ಲೇ ಇದೆಯಂತೆ. ನನಗೆ ಹೊಸದು.

ಎರಡು ಸಲ ಡಯಾಲಿಸಿಸ್ ಆಯಿತು. ಅಪ್ಪ ಉಳಿದರು. ಆದರೆ ಕ್ರಿಯಾಟಿನಿನ್ 1.8ಕ್ಕೆ ಬಂದು ನಿಂತಿತು, ಅಲ್ಲಿಂದ ಕೆಳಗಿಳಿಯಲಿಲ್ಲ. ಈಗ ಉಪ್ಪು ಅಳತೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ.

ಇದನ್ನು ಕೇಳಿ ನಾಳೆ ಬೆಳಿಗ್ಗೆ ನಿಮ್ಮ ಮನೆಯ ಹಿರಿಯರ ಬಿಪಿ ಮಾತ್ರೆ ಕಿತ್ತು ಎಸೆಯಬೇಡಿ. ಬಿಪಿ ಮಾತ್ರೆ ತಪ್ಪು ಮಾಡಲಿಲ್ಲ, ಅದು ಅಪ್ಪನನ್ನು ವರ್ಷಾನುಗಟ್ಟಲೆ ಕಾಪಾಡಿದೆ. ನಾನು ತಂದುಕೊಟ್ಟ ಮಾತ್ರೆ ಆ ಲೆಕ್ಕದೊಳಕ್ಕೆ ಕಳ್ಳನ ಹಾಗೆ ನುಗ್ಗಿತು.

ಮನೆಗೆ ಬಂದು ಆ ಸ್ಟ್ರಿಪ್ಪನ್ನು ಮೊದಲ ಸಲ ಓದಿದೆ. ಓದಿದೆ ಅನ್ನುವುದಕ್ಕಿಂತ, ನಾವು ಪ್ಲೇಟ್ ನೋಡಲು ಇಟ್ಟುಕೊಂಡಿರುವ ಭೂತಗನ್ನಡಿ ಹಿಡಿದು ಹುಡುಕಿದೆ. ಅಕ್ಷರದ ಗಾತ್ರ ನನ್ನ ಅಂದಾಜಿಗೆ ನಾಲ್ಕು ಪಾಯಿಂಟ್. ಲಗ್ನಪತ್ರಿಕೆಯ ಮೂಲೆಯಲ್ಲಿ ಪ್ರೆಸ್ಸಿನ ಹೆಸರನ್ನು ನಾನು ಇನ್ನೂ ದೊಡ್ಡದಾಗಿ ಹಾಕುತ್ತೇನೆ! ಬೆಳ್ಳಿ ಬಣ್ಣದ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಚಿಲ್ಲರೆಯಾಗಿ ಮಾರಕೂಡದು ಅನ್ನುವ ಅರ್ಥದ ಸಾಲು. ಅಂದರೆ ಡೈಕ್ಲೋಫೆನಾಕ್ ಕಾನೂನಿನ ಪ್ರಕಾರ ಚೀಟಿ ಬೇಕಾದ ಮಾತ್ರೆ. ಬಾಳೆಹಣ್ಣಿನ ಹಾಗೆ ಕೊಂಡುತಂದಿದ್ದೆ.

ಸ್ಟ್ರಿಪ್ಪಿನ ಇನ್ನೊಂದು ತಮಾಷೆ ನೋಡಿ. ನಾವು ಎರಡೋ ನಾಲ್ಕೋ ಮಾತ್ರೆ ಕೇಳುತ್ತೇವೆ. ಅಂಗಡಿಯವನು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾನೆ. ಹೆಸರು ಒಂದು ಕಡೆ, ಎಚ್ಚರಿಕೆ ಇನ್ನೊಂದು ಕಡೆ, ಅವಧಿ ಮುಗಿಯುವ ತಾರೀಕು ಅಂಗಡಿಯಲ್ಲೇ. ಪುಟದ ಮಧ್ಯೆ ಕಟಿಂಗ್ ಹಾಕಿದ ಪುಸ್ತಕವನ್ನು ನಾನು ಗಿರಾಕಿಗೆ ಕೊಟ್ಟರೆ ಮುಖಕ್ಕೆ ಎಸೆಯುತ್ತಾನೆ. ಮಾತ್ರೆಯಾದರೆ ಜೇಬಿಗೆ ಹಾಕಿಕೊಂಡು ಬರುತ್ತೇವೆ.

ಕಾನೂನಿನ ಬಗ್ಗೆ ಎರಡು ಮಾತು. 1940ರ ಔಷಧ ಕಾಯ್ದೆ, 1945ರ ನಿಯಮಗಳು ಚೀಟಿ ಬೇಕಾದ ಮಾತ್ರೆಗಳ ಪಟ್ಟಿ ಮಾಡಿದವು. ಷೆಡ್ಯೂಲ್ ಎಚ್ ಅನ್ನುತ್ತಾರೆ. 2014ರಿಂದ ಎಚ್1 ಅಂತ ಇನ್ನೊಂದು ಪಟ್ಟಿ ಜಾರಿಗೆ ಬಂತು. ಅದರಲ್ಲಿ ಕೆಲವು ಆಂಟಿಬಯಾಟಿಕ್, ಕ್ಷಯದ ಔಷಧಗಳಿವೆ, ಮಾರಿದವರು ರಿಜಿಸ್ಟರಿನಲ್ಲಿ ಬರೆದಿಡಬೇಕು. ಇನ್ನು ಸಾವಿರಕ್ಕಿಂತ ಹೆಚ್ಚು ಜನ ಇಲ್ಲದ ಹಳ್ಳಿಯಲ್ಲಿ ಜ್ವರದ ಮಾತ್ರೆ, ತಲೆನೋವಿನ ಮಾತ್ರೆಯಂಥ ಮನೆಮದ್ದುಗಳನ್ನು ಲೈಸೆನ್ಸ್ ಇಲ್ಲದೆ ಮಾರಬಹುದು ಅನ್ನುವ ವಿನಾಯಿತಿ ಇದೆ. ನಮ್ಮ ಸತ್ಯಮಂಗಲ ಅಷ್ಟು ಚಿಕ್ಕ ಊರೇ? ಆದರೂ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ ಕಟ್ಟಿನ ಪಕ್ಕ ಮಾತ್ರೆ ನೇತಾಡುವುದನ್ನು ನೀವೂ ನೋಡಿದ್ದೀರಿ. ರಾತ್ರಿ ಪಾಳಿ ಮುಗಿಸಿ ಬಂದು ಟೀ ಜೊತೆ ನುಂಗಿದ್ದೀರಿ. ನಾನೂ ನುಂಗಿದ್ದೇನೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮುದುಕರ ಕಿಡ್ನಿ ನಮಗ್ಯಾಕೆ ಅಂತ ಹಿಂದಿನ ಸಾಲಿನ ಹುಡುಗರು ಮೊಬೈಲ್ ತೆಗೆದಿದ್ದಾರೆ. ಪ್ಯಾರಸಿಟಮಾಲ್ ಗೊತ್ತಲ್ಲ? ಡೋಲೋ 650. ಅದು ನಮ್ಮ ಬೆಂಗಳೂರಿನ ಕಂಪನಿಯ ಮಾತ್ರೆ, ಕೊರೋನಾ ಕಾಲದಲ್ಲಿ ಮನೆಮಾತಾಯಿತು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಒಟ್ಟು 4000 ಮಿಲಿಗ್ರಾಂ ಮೀರಬಾರದು. ಡಾಕ್ಟರು ಜ್ವರಕ್ಕೆ 650ರದ್ದು ದಿನಕ್ಕೆ ನಾಲ್ಕು ಬರೆದರು ಅಂದುಕೊಳ್ಳಿ, 2600 ಆಯಿತು. ಮೂಗು ಸೋರುತ್ತಿದೆ ಅಂತ ನೀವೇ ನೆಗಡಿ ಮಾತ್ರೆ ತಂದು ಮೂರು ನುಂಗಿದಿರಿ. ಬಹಳಷ್ಟು ನೆಗಡಿ ಮಾತ್ರೆಯಲ್ಲಿ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇರುತ್ತದೆ, ಅಲ್ಲಿಗೆ 4100. ಮೈಕೈ ನೋವು ಅಂತ ಗೆಳೆಯ ಎರಡು ಕಾಂಬಿಫ್ಲಾಮ್ ಕೊಟ್ಟ. ಅದರಲ್ಲಿ ಐಬುಪ್ರೊಫೆನ್ ಜೊತೆಗೆ 325 ಪ್ಯಾರಸಿಟಮಾಲ್ ಇದೆ. ಒಟ್ಟು 4750. ಮೂರು ಬೇರೆ ಬೇರೆ ಬಣ್ಣ, ಮೂರು ಬೇರೆ ಹೆಸರು, ಒಳಗೆ ಒಂದೇ ಔಷಧ. ಸಂಜೆ ಎರಡು ಪೆಗ್ಗು ಹಾಕಿದಿರೋ, ಲಿವರ್ರಿಗೆ ಇನ್ನೂ ಕಷ್ಟ. ಪ್ಯಾರಸಿಟಮಾಲ್ ಮಿತಿಯಲ್ಲಿದ್ದರೆ ಬಹಳ ಒಳ್ಳೆಯ ಮಾತ್ರೆ, ಅಪ್ಪನಿಗೂ ಈಗ ಅದನ್ನೇ ಹೇಳಿದ್ದಾರೆ. ಆದರೆ ಅದು ಎಷ್ಟು ವೇಷ ಹಾಕಿಕೊಂಡು ಬರುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ. ಹೀಗೆ ಎರಡು ಮೂರು ಔಷಧ ಒಂದರಲ್ಲೇ ಕಲಸಿ ಮಾಡಿದ ಮಾತ್ರೆಗಳಲ್ಲಿ ಅರ್ಥವಿಲ್ಲದವು ಎಷ್ಟೋ ಇದ್ದವು. ಕೇಂದ್ರ ಸರ್ಕಾರವೇ 2018ರಲ್ಲಿ 328, 2024ರಲ್ಲಿ ಮತ್ತೆ 156 ಇಂಥ ಮಿಶ್ರಣಗಳನ್ನು ನಿಷೇಧಿಸಿತು.

ಹೃದಯದ ಕವಾಟ ಬದಲಾಯಿಸಿಕೊಂಡವರು ನಿಮ್ಮ ಬಂಧುಗಳಲ್ಲಿ ಇದ್ದರೆ ಇದನ್ನು ಗಮನವಿಟ್ಟು ಕೇಳಿ. ಅವರಲ್ಲಿ ಅನೇಕರು ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಅಥವಾ ಅಸಿಟ್ರೋಮ್ ನುಂಗುತ್ತಿರುತ್ತಾರೆ. ಆ ಮಾತ್ರೆಯ ಹದ ಬಲು ಸೂಕ್ಷ್ಮ. ಅದರ ಮೇಲೆ ತಲೆನೋವಿಗೆ ಆಸ್ಪಿರಿನ್ನೋ ಐಬುಪ್ರೊಫೆನ್ನೋ ಬಿದ್ದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಪ್ಯಾರಸಿಟಮಾಲನ್ನೇ ಪೂರ್ತಿ ಪ್ರಮಾಣದಲ್ಲಿ ದಿನಗಟ್ಟಲೆ ತೆಗೆದುಕೊಂಡರೂ ಹದ ತಪ್ಪಬಹುದು. ಸ್ಟೆಂಟ್ ಹಾಕಿಸಿಕೊಂಡು ಚಿಕ್ಕ ಆಸ್ಪಿರಿನ್ ನುಂಗುವವರ ಕತೆ ಇನ್ನೊಂದು ಥರ. ಐಬುಪ್ರೊಫೆನ್ ಮೊದಲೇ ಹೋಗಿ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಟವೆಲ್ ಹಾಸಿ ಕೂತುಬಿಡುತ್ತದೆ, ನಮ್ಮ ಬೆಂಗಳೂರು ಬಸ್ಸಿನ ಸೀಟಿನ ಹಾಗೆ. ಆಸ್ಪಿರಿನ್ ನಿಂತುಕೊಂಡೇ ಇಳಿದುಹೋಗುತ್ತದೆ. ಅಮೆರಿಕದ ಔಷಧ ಇಲಾಖೆ 2006ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು.

ನಮ್ಮ ಪ್ರೆಸ್ಸಿನಲ್ಲಿ ಒಬ್ಬ ಹುಡುಗನಿದ್ದ. ಮೂರ್ಛೆ ಬರುತ್ತಿತ್ತು, ಸರಿಯಾಗಿ ಮಾತ್ರೆ ತೆಗೆದುಕೊಂಡು ವರ್ಷಗಳಿಂದ ಆರಾಮಾಗಿದ್ದ. ಒಂದು ದಿನ ಕೆಮ್ಮು ನೆಗಡಿ ಅಂತ ಅಂಗಡಿಯಿಂದ ಸಿರಪ್ ತಂದು ಬೆಳಿಗ್ಗೆ ಒಂದು ಮುಚ್ಚಳ, ಮಧ್ಯಾಹ್ನ ಒಂದು ಮುಚ್ಚಳ ಕುಡಿದಿದ್ದಾನೆ. ಮೂರ್ಛೆಯ ಮಾತ್ರೆಗಳಲ್ಲಿ ಕೆಲವು ತಾವೇ ಮಂಪರು ತರುತ್ತವೆ. ನೆಗಡಿಯ ಔಷಧದ ಕ್ಲೋರ್‌ಫೆನಿರಮೀನ್ ಅದಕ್ಕೆ ಇನ್ನಷ್ಟು ಮಂಪರು ಸೇರಿಸುತ್ತದೆ. ಕಟಿಂಗ್ ಮೆಷಿನ್ ಮುಂದೆ ನಿಂತಿದ್ದ. ಕಾಗದ ಜೋಡಿಸಿ ಕೈ ಅಲ್ಲೇ ಬಿಟ್ಟು ತೂಕಡಿಸಿದ. ಹಿಂದೆ ಇದ್ದ ಬೈಂಡಿಂಗ್ ಅಕ್ಕ ಕಿರುಚಿ ಎಳೆದರು. ಬೆರಳು ಉಳಿಯಿತು, ಅರ್ಧ ರೀಮು ಆರ್ಟ್ ಪೇಪರ್ ಹೋಯಿತು. ನಾನು ಕುಡಿದು ಬಂದಿದ್ದೀಯಾ ಅಂತ ಅವನಿಗೆ ಬೈದೆ. ಇವತ್ತಿಗೂ ಆ ಮಾತು ನನ್ನನ್ನು ಕುಟುಕುತ್ತದೆ. ಇಲ್ಲಿ ಪ್ರೆಸ್, ಲೇತ್, ಗ್ರೈಂಡಿಂಗ್ ಮೆಷಿನ್ನಿನ ಮುಂದೆ ನಿಲ್ಲುವವರು ಎಷ್ಟೋ ಜನ ಇದ್ದೀರಿ. ಬೈಕಿನಲ್ಲಿ ಹೈವೇ ಹಿಡಿಯುವವರಂತೂ ಎಲ್ಲರೂ. ನಿದ್ದೆ ಮಾತ್ರೆಗೂ ಇದೇ, ಆತಂಕಕ್ಕೆ ಕೊಡುವ ಮಾತ್ರೆಗೂ ಇದೇ, ಹೆಂಡಕ್ಕೂ ಇದೇ. ಕೆಲವು ನೆಗಡಿ ಮಾತ್ರೆಗಳಲ್ಲಿ ಮೂಗು ಬಿಡಿಸಲು ಫಿನೈಲೆಫ್ರಿನ್ ಇರುತ್ತದೆ, ಅದು ರಕ್ತನಾಳ ಬಿಗಿ ಮಾಡುತ್ತದೆ. ಬಿಪಿ ಇರುವವರು ಅದನ್ನು ಕೇಳದೆ ತೆಗೆದುಕೊಳ್ಳಬಾರದು.

ಇನ್ನೊಂದು ವಿಷಯ ಹೇಳಬೇಕು. ಹಿರಿಯರು ವೇದಿಕೆಯ ಮೇಲಿದ್ದಾರೆ, ಕ್ಷಮಿಸಬೇಕು. ಗರ್ಭ ನಿಲ್ಲಬಾರದು ಅಂತ 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ, ಲೆವೊನಾರ್ಜೆಸ್ಟ್ರೆಲ್, 2005ರಿಂದ ಚೀಟಿ ಇಲ್ಲದೆ ಸಿಗುತ್ತಿದೆ. ಸಿಗಬೇಕಾದದ್ದೇ. ಆದರೆ ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರಿಗೆ, ಮೂರ್ಛೆಗೆ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ತೆಗೆದುಕೊಳ್ಳುತ್ತಿರುವವರಿಗೆ ಈ ಮಾತ್ರೆ ಕೈಕೊಡಬಹುದು. ಆ ಔಷಧಗಳು ಲಿವರ್ರಿನ ಕೆಲಸವನ್ನು ಚುರುಕು ಮಾಡಿ ತುರ್ತು ಮಾತ್ರೆಯನ್ನು ಬೇಗ ಕರಗಿಸಿಬಿಡುತ್ತವೆ. ದಿನನಿತ್ಯದ ಗರ್ಭನಿರೋಧಕ ಮಾತ್ರೆಗೂ ಇದೇ ಗತಿ. ಔಷಧ ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಅದರ ಪ್ರಭಾವ ಇರುತ್ತದೆ. ಅಂಥವರು ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವ ದಾರಿ ಇದೆ, ಅದನ್ನು ಈ ಔಷಧಗಳು ಕೆಡಿಸಲಾರವು. ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗುವ ಹೆಣ್ಣುಮಗಳಿಗೆ ಈ ಒಂದು ಮಾತನ್ನು ಕನ್ನಡದಲ್ಲಿ ಯಾರು ಹೇಳುತ್ತಾರೆ? ಅತ್ತೆ ಹೇಳುತ್ತಾಳಾ? ಕೌಂಟರಿನ ಹುಡುಗ ಹೇಳುತ್ತಾನಾ? ಅವನು ಪೇಪರಿನಲ್ಲಿ ಸುತ್ತಿ, ಮುಖ ಬೇರೆ ಕಡೆ ತಿರುಗಿಸಿ ಕೊಡುತ್ತಾನೆ.

ಔಷಧದ ಜೊತೆ ಹಣ್ಣೂ ಜಗಳ ಆಡುತ್ತದೆ ಅಂದರೆ ನಂಬುತ್ತೀರಾ? ಕೆನಡಾದಲ್ಲಿ ಡೇವಿಡ್ ಬೈಲಿ ಅನ್ನುವ ಸಂಶೋಧಕರು ಫೆಲೋಡಿಪಿನ್ ಅನ್ನುವ ಬಿಪಿ ಮಾತ್ರೆಯ ಮೇಲೆ ಹೆಂಡದ ಪರಿಣಾಮ ನೋಡುತ್ತಿದ್ದರು. ಹೆಂಡದ ರುಚಿ ಗೊತ್ತಾಗಬಾರದು ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದರು. ನೋಡಿದರೆ ರಕ್ತದಲ್ಲಿ ಮಾತ್ರೆ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಮತ್ತೆ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು: ಎರಡೂವರೆ ಪಟ್ಟಿಗೂ ಮಿಕ್ಕಿ! ಹೆಂಡದ್ದಲ್ಲ, ರಸದ್ದೇ ಕೆಲಸ. ಕರುಳಿನಲ್ಲಿ ಔಷಧ ಕರಗಿಸುವ ಒಂದು ಕಿಣ್ವವನ್ನು ಆ ಹಣ್ಣು ಕಟ್ಟಿಹಾಕುತ್ತದೆ. ಆ ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತದ ದಾಯಾದಿ. ಚಕ್ಕೋತದಲ್ಲೂ ಅಂಥದೇ ಅಂಶಗಳಿವೆ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ ಅಂತ ನಾವು ಹೆಮ್ಮೆ ಪಡುತ್ತೇವೆ, ಪಡಲೇಬೇಕು. ಆದರೆ ಕೊಲೆಸ್ಟರಾಲಿಗೆ ಸ್ಟಾಟಿನ್ ತೆಗೆದುಕೊಳ್ಳುವವರು, ಕಿಡ್ನಿ ಕಸಿಯಾದವರು ಅದನ್ನು ಮನಸೋ ಇಚ್ಛೆ ತಿನ್ನುವ ಮೊದಲು ಡಾಕ್ಟರನ್ನು ಕೇಳಲಿ. ಇದೇ ಕಿಣ್ವದ ಕಾರಣಕ್ಕೆ ಟರ್ಫೆನಡೀನ್ ಅನ್ನುವ ಅಲರ್ಜಿ ಮಾತ್ರೆ ಲೋಕಪ್ರಸಿದ್ಧವಾಗಿದ್ದೂ ನೆಲಕಚ್ಚಿತು. ಎರಿಥ್ರೋಮೈಸಿನ್ ಅಥವಾ ಕೀಟೋಕೊನಜೋಲ್ ಜೊತೆ ಸೇರಿದಾಗ ಹೃದಯದ ಬಡಿತ ತಾಳ ತಪ್ಪಿ ಜನ ಸತ್ತರು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಟುಹೋಯಿತು. ಅಲರ್ಜಿಗೆ ಒಂದು ಮಾತ್ರೆ, ಸೋಂಕಿಗೆ ಒಂದು ಮಾತ್ರೆ. ಬಿಡಿಬಿಡಿಯಾಗಿ ಎರಡೂ ಸಾಧು.

ಗ್ಯಾಸ್ಟ್ರಿಕ್ ಅಂತ ನಾವು ಕುಡಿಯುವ ಆಂಟಾಸಿಡ್ ಇನ್ನೊಂದು ಥರದ ಕಿಲಾಡಿ. ಅದರಲ್ಲಿನ ಅಲ್ಯುಮಿನಿಯಂ, ಮೆಗ್ನೀಸಿಯಂ ಲವಣಗಳು ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ಕನ್ನು ಹೊಟ್ಟೆಯಲ್ಲೇ ಅಪ್ಪಿ ಹಿಡಿದು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಮಾತ್ರೆ ನುಂಗಿಯೂ ನುಂಗದ ಹಾಗೆ. ಜ್ವರ ಇಳಿಯುವುದಿಲ್ಲ, ಡಾಕ್ಟರು ಸರಿ ಇಲ್ಲ ಅಂತ ಇನ್ನೊಬ್ಬ ಡಾಕ್ಟರ ಹತ್ತಿರ ಓಡುತ್ತೇವೆ. ಥೈರಾಯ್ಡ್ ಮಾತ್ರೆಯೂ ಹಾಗೇ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಂಟಾಸಿಡ್ ಇವುಗಳಿಂದ ನಾಲ್ಕು ಗಂಟೆ ದೂರ ಇರಬೇಕು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕಾಫಿ. ನಮ್ಮ ಮನೆಯಾಕೆ ಮೂರು ವರ್ಷ ಅದನ್ನು ಕಾಫಿ ಜೊತೆಗೇ ನುಂಗುತ್ತಿದ್ದಳು, ಯಾರೂ ಹೇಳಿರಲಿಲ್ಲ.

"ನಾವು ಆಯುರ್ವೇದ ಬಿಟ್ಟು ಬೇರೇನೂ ಮುಟ್ಟಲ್ಲ" ಅನ್ನುವವರೂ ಇದ್ದೀರಿ. ಗಂಟಲಿಗೆ ಒಳ್ಳೆಯದು ಅಂತ ಅತಿಮಧುರ ಅಗಿಯುತ್ತೇವಲ್ಲ, ಅದು ದಿನಾ ಹೆಚ್ಚಾದರೆ ಬಿಪಿ ಏರಿಸುತ್ತದೆ, ಮೈಯಲ್ಲಿನ ಪೊಟ್ಯಾಸಿಯಂ ಇಳಿಸುತ್ತದೆ. ನೀರಿಳಿಸುವ ಮಾತ್ರೆಗಳಲ್ಲೂ ಕೆಲವು ಪೊಟ್ಯಾಸಿಯಂ ಇಳಿಸುತ್ತವೆ, ಎರಡೂ ಸೇರಿದರೆ ಕಷ್ಟ. ನೊರೆ ಬರುವ ಈನೋ ಪ್ಯಾಕೆಟ್ ತಿರುಗಿಸಿ ನೋಡಿ, ಸ್ವರ್ಜಿಕ್ಷಾರ ಅಂತ ಬರೆದಿರುತ್ತದೆ. ಸಂಸ್ಕೃತ ಹೆಸರು ಕೇಳಿ ಕೈಮುಗಿಯಬೇಡಿ, ಅದು ಅಡುಗೆ ಸೋಡಾ. ಉಪ್ಪು ಕಡಿಮೆ ಮಾಡಿ ಅಂತ ಹೇಳಿಸಿಕೊಂಡ ಬಿಪಿ, ಹೃದಯದ ರೋಗಿಗೆ ಅದು ಹಿಂಬಾಗಿಲಿನಿಂದ ಬಂದ ಸೋಡಿಯಂ.

ಈಗ ನಮ್ಮ ಭಾಷೆಗೆ ಬರುತ್ತೇನೆ. 2024ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತಾಯಿತು. ನಮ್ಮ ಹುಡುಗರು ಏಣಿ ಹಾಕಿ ಅಳತೆ ಟೇಪು ಹಿಡಿದು ನಿಂತರು. ಒಳ್ಳೆಯದು. ಆದರೆ ಅದೇ ಬೋರ್ಡಿನ ಕೆಳಗೆ, ಕೌಂಟರಿನ ಮೇಲೆ ದಾಟಿ ಬರುವ ಮಾತ್ರೆಯಲ್ಲಿ ಕನ್ನಡ ಶೇಕಡಾ ಎಷ್ಟು? ಸೊನ್ನೆ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡ ಇರಬೇಕು ಅಂತ 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶ ಮಾಡಿತು. ನಿಮ್ಮ ಮನೆಯ ಮಾತ್ರೆ ಡಬ್ಬಿ ತೆಗೆದು ನೋಡಿ. ಎಷ್ಟೋ ಸ್ಟ್ರಿಪ್ಪಿನ ಮೇಲೆ ಹಿಮಾಚಲದ ಬದ್ದಿ ಅಂತಲೋ ಸಿಕ್ಕಿಂ ಅಂತಲೋ ಇರುತ್ತದೆ. ಔಷಧದ ಲೇಬಲ್ ಹೇಗಿರಬೇಕು ಅನ್ನುವುದು ಕೇಂದ್ರದ ನಿಯಮ. 2023ರ ಆಗಸ್ಟಿನಿಂದ 300 ಹೆಸರುವಾಸಿ ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಹಾಕಿಸಿದ್ದಾರೆ. ಅಸಲಿಯೋ ನಕಲಿಯೋ ನೋಡಲು ಅದು ಬೇಕು. ಆದರೆ ನಮ್ಮಪ್ಪನಿಗೆ ಬೇಕಾಗಿದ್ದು ಒಂದೇ ಸಾಲು: ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ನುಂಗಬೇಡಿ. ಅಪ್ಪ ಮೊಳೆ ಜೋಡಿಸಿ ಬೆಳೆದವರು, ಕನ್ನಡವನ್ನು ತಲೆಕೆಳಗಾಗಿಯೂ ಓದುತ್ತಾರೆ. ಅವರಿಗೆ ಓದಲು ಬರುತ್ತಿತ್ತು ಸ್ವಾಮಿ, ಓದಲು ಅಲ್ಲಿ ಏನೂ ಇರಲಿಲ್ಲ.

ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕು ಅಂತ ಆರೋಗ್ಯ ಸಚಿವರಿಗೆ ಪತ್ರ ಬರೆದರು. ನನಗೆ ಇದರಲ್ಲಿ ಅರ್ಧ ಒಪ್ಪಿಗೆ. ಮಾತ್ರೆಯ ಹೆಸರನ್ನು ಇಂಗ್ಲಿಷಿನಲ್ಲೇ ಅಚ್ಚುಕಟ್ಟಾಗಿ ದೊಡ್ಡಕ್ಷರದಲ್ಲಿ ಬರೆಯಲಿ, ನನ್ನ ತಕರಾರಿಲ್ಲ. ಒಂದು ಅಕ್ಷರ ಆಚೀಚೆಯಾದರೆ ಬೇರೆ ಮಾತ್ರೆ ಬಂದೀತು, ಪ್ರೂಫ್ ನೋಡುವವನಿಗೆ ಆ ಭಯ ಗೊತ್ತು. ಯಾವಾಗ ನುಂಗಬೇಕು, ಯಾವುದರ ಜೊತೆ ನುಂಗಬಾರದು, ಏನಾದರೆ ಓಡಿ ಬರಬೇಕು, ಇದು ಕನ್ನಡದಲ್ಲಿರಲಿ. ಫಾರ್ಮಸಿಸ್ಟ್ ರೋಗಿಗೆ ಇದನ್ನೆಲ್ಲ ವಿವರಿಸಬೇಕು ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಇದೆ. "ನಮ್ಮ ತಂದೆ ಇಂಥ ಮಾತ್ರೆ ತಗೋತಾರೆ, ಇದನ್ನು ಕೊಡಬಹುದಾ ಸಾರ್?" ಅಂತ ಕನ್ನಡದಲ್ಲಿ ಕೇಳಿ. ಕೌಂಟರಿನ ಹುಡುಗನಿಗೆ ಗೊತ್ತಿಲ್ಲದಿದ್ದರೆ "ಫಾರ್ಮಸಿಸ್ಟ್ ಎಲ್ಲಿ?" ಅಂತ ಕೇಳಿ. ಗೋಡೆಯ ಮೇಲೆ ಸರ್ಟಿಫಿಕೇಟ್ ಮಾತ್ರ ಇದ್ದು ಮನುಷ್ಯ ಇಲ್ಲದಿದ್ದರೆ ಬೇರೆ ಅಂಗಡಿಗೆ ಹೋಗಿ.

ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ. ಕವರಿನ ಹಿಂಬದಿಯಿಂದ ದೇವರ ಪಟ ತೆಗೆದೆ. ಅಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹೀಗೆ ಹಾಕಿದೆ: "ಬಿಪಿ, ಶುಗರ್, ಹೃದಯ, ಕಿಡ್ನಿ, ಮೂರ್ಛೆ, ಕ್ಷಯ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಬಸುರಿಯೇ? ಇದನ್ನು ನುಂಗುವ ಮೊದಲು ಹೇಳಿ, ಕೇಳಿ." ಕೆಳಗೆ ಆರು ಖಾಲಿ ಗೆರೆ, ಮನೆಯವರು ದಿನಾ ನುಂಗುವ ಮಾತ್ರೆಗಳ ಹೆಸರು ಬರೆದುಕೊಳ್ಳಲು. ಅಂಗಡಿಯಿಂದ ತಂದದ್ದಕ್ಕೆ ಬೇರೆ ಎರಡು ಗೆರೆ. ಪರಿಚಯದ ಡಾಕ್ಟರೊಬ್ಬರಿಗೆ ಪ್ರೂಫ್ ತೋರಿಸಿದೆ. ಅವರು ಬಸುರಿಯ ವಿಷಯ ಸೇರಿಸಿದರು, ನಾನು ಮರೆತಿದ್ದೆ. ನಾನು ಕನ್ನಡ ಅಂಕಿ ಹಾಕಿದ್ದೆ. "ಪವರ್ ಬರೆಯುವಾಗ ಗೊಂದಲ ಆಗುತ್ತೆ ಕಣ್ರೀ, ಸ್ಟ್ರಿಪ್ಪಿನ ಮೇಲೆ ಇರೋ ಅಂಕಿನೇ ಇರಲಿ" ಅಂದರು. ಒಪ್ಪಿಕೊಂಡೆ. ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಅಂಗಡಿಯವರಲ್ಲಿ ಕೆಲವರು ಆಗಲ್ಲ ಅಂದರು. "ಇದನ್ನು ಓದಿದರೆ ಗಿರಾಕಿ ಹೆದರಿ ವಾಪಸ್ ಹೋಗ್ತಾನೆ ಅಣ್ಣ, ದೇವರ ಪಟಾನೇ ಹಾಕಿ" ಅಂದರು. ಕೆಲವರು ಒಪ್ಪಿದರು. ಅದರಲ್ಲಿ ಒಬ್ಬರು ಮೊನ್ನೆ ಬಂದು ಒಂದು ಸಂಗತಿ ಹೇಳಿದರು. ಒಬ್ಬಾಕೆ ನೋವಿನ ಮಾತ್ರೆಗೆ ಬಂದಿದ್ದಳಂತೆ. ಹೋದ ಸಲದ ಕವರ್ ತಂದು ತೋರಿಸಿದಳಂತೆ, ಗೆರೆಯ ಮೇಲೆ ಮಗಳ ಕೈಬರಹದಲ್ಲಿ ವಾರ್ಫರಿನ್ ಅಂತ ಇತ್ತು. ಅವರು ಮಾತ್ರೆ ಕೊಡದೆ ಡಾಕ್ಟರ ಹತ್ತಿರ ಕಳಿಸಿದರಂತೆ. "ಇಪ್ಪತ್ತು ರೂಪಾಯಿ ವ್ಯಾಪಾರ ಹೋಯ್ತು ನಿಮ್ಮಿಂದ" ಅಂತ ನಗುತ್ತಾ ಇನ್ನೂ ಹತ್ತು ಸಾವಿರ ಕವರಿಗೆ ಆರ್ಡರ್ ಕೊಟ್ಟು ಹೋದರು.

ಮಾತ್ರೆಯಿಂದ ತೊಂದರೆಯಾಯಿತು ಅನ್ನಿಸಿದರೆ ಯಾರಿಗೆ ಹೇಳುವುದು ಅಂತ ಈಗಾಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಮೊದಲು ಡಾಕ್ಟರಿಗೆ. ಅದರ ಜೊತೆಗೆ, ಕೇಂದ್ರ ಸರ್ಕಾರ 2010ರಲ್ಲಿ ಔಷಧಗಳ ಅಡ್ಡಪರಿಣಾಮ ದಾಖಲಿಸುವ ಒಂದು ಕಾರ್ಯಕ್ರಮ ಶುರು ಮಾಡಿತು. ಅದರ ಉಚಿತ ಸಹಾಯವಾಣಿ 1800-180-3024. ರೋಗಿಗಳೇ ತುಂಬಿ ಕಳಿಸಬಹುದಾದ ಅರ್ಜಿಯೂ ಇದೆ, ಅದರ ಕನ್ನಡ ರೂಪವೂ ಬಂದಿದೆ! ನಾನು ಕೇಳಿದ ಯಾವ ಅಂಗಡಿಯವರೂ ಅದನ್ನು ಕಂಡಿರಲಿಲ್ಲ. ಕನ್ನಡ ಇಲ್ಲ ಅಂತ ಜಗಳ ಮಾಡುವ ನಾವು, ಇರುವ ಕನ್ನಡವನ್ನು ಬಳಸದಿದ್ದರೆ ಅವರು "ನೋಡಿ, ಯಾರಿಗೂ ಬೇಡ" ಅಂತ ಅದನ್ನೂ ತೆಗೆದಾರು. ಆ ಅರ್ಜಿಯ ಇನ್ನೂರು ಪ್ರತಿ ಅಚ್ಚು ಹಾಕಿ ತಂದಿದ್ದೇನೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಅರ್ಜಿಗಳ ಪಕ್ಕದಲ್ಲೇ ಕವರಿನ ಕಟ್ಟುಗಳಿವೆ. ಹೋಗುವಾಗ ಮನೆಗೊಂದು ತೆಗೆದುಕೊಂಡು ಹೋಗಿ. ಇವತ್ತು ರಾತ್ರಿ ಊಟಕ್ಕೆ ಮೊದಲು ಅಮ್ಮನ ಮಾತ್ರೆ ಡಬ್ಬಿ ಕೆಳಗಿಳಿಸಿ ಹೆಸರುಗಳನ್ನು ನೀವೇ ಬರೆಯಿರಿ, ನಿಮಗೆ ಇಂಗ್ಲಿಷ್ ಓದಲು ಬರುತ್ತದೆ, ಅವರಿಗೆ ಕಣ್ಣು ಕಾಣುವುದಿಲ್ಲ. ಪೆನ್ನು ನೀವೇ ಹುಡುಕಿಕೊಳ್ಳಬೇಕು, ಪೆನ್ನಿನ ಖರ್ಚು ನನ್ನಿಂದಾಗುವುದಿಲ್ಲ.